ಹಳೆಯ ಟ್ರ್ಯಾಕ್ಟರಿನ ಹೈಡ್ರಾಲಿಕ್: ಎಣ್ಣೆಯ ದಾರಿ ತಿಳಿದವನೇ ಅರ್ಧ ಮಿಸ್ತ್ರಿ

ಮುಧೋಳ, ಗೋಕಾಕ, ಇಂಡಿ ಕಡೆಯ ತೋಟದ ವಸ್ತಿಗಳಲ್ಲಿ ಮೂವತ್ತು-ನಲವತ್ತು ವರ್ಷದ ಟ್ರ್ಯಾಕ್ಟರುಗಳು ಇನ್ನೂ ದುಡಿಯುತ್ತಿವೆ. ಅವುಗಳ ಎಂಜಿನ್ ಬಿಚ್ಚಿ ಕಟ್ಟುವ ಮಿಸ್ತ್ರಿ ಊರಿಗೊಬ್ಬ ಸಿಗುತ್ತಾನೆ. ಹೈಡ್ರಾಲಿಕ್ ಅಂದ ಕೂಡಲೇ ಅವನೂ ತಲೆ ಕೆರೆದುಕೊಳ್ಳುತ್ತಾನೆ. ಕಾರಣ ಇಷ್ಟೇ: ಲಿವರಿನ ಪಕ್ಕದ ಪಟ್ಟಿಯ ಮೇಲಿದ್ದ ಅಕ್ಷರ ಅಳಿಸಿಹೋಗಿವೆ, ಸೀಟಿನ ಕೆಳಗೊಂದು ನಾಬ್ ಇದೆ ಆದರೆ ಯಾಕೆಂದು ಯಾರಿಗೂ ಗೊತ್ತಿಲ್ಲ, ಹಿಂದೆ ಒಂದು ಪ್ಲಗ್ ಹೊಡೆದ ತೂತು, ಅದರ ಪಕ್ಕ ಯಾವ ಹೋಸಿಗೂ ಕೂಡದ ಒಂದು ಕಪ್ಲರ್. ಮೊದಲಿನ ಮಾಲೀಕ ಮಾಡಿಸಿದ ಜೋಡಣೆ ಬೇರೆ, ಕಂಪನಿಯ ಪುಸ್ತಕದಲ್ಲಿರುವುದು ಬೇರೆ.

ಇಂಥ ಟ್ರ್ಯಾಕ್ಟರಿಗೆ ಟಿಪ್ಪಿಂಗ್ ಟ್ರೇಲರನ್ನೋ ಪಲ್ಟಿ ನೇಗಿಲನ್ನೋ ಹೂಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಲಿವರ್ ಈಗ ನಿಂತಿರುವ ಜಾಗದಲ್ಲಿ ಎಣ್ಣೆ ಎಲ್ಲಿಂದ ಹೊರಟು, ಯಾವ ದಾರಿ ಹಿಡಿದು, ಎಲ್ಲಿಂದ ಟಾಕಿಗೆ ಮರಳುತ್ತಿದೆ? ಇದಕ್ಕೆ ಉತ್ತರ ಸಿಕ್ಕರೆ ಲಿವರ್, ನಾಬ್, ಕಪ್ಲರ್ ಮೂರರ ಅರ್ಥವೂ ತಾನಾಗಿ ಬಿಡಿಸಿಕೊಳ್ಳುತ್ತದೆ. ಅಂದಹಾಗೆ ಹಳೆಯ ಗಾಡಿಗಳ ಪೈಕಿ ಬಹಳಷ್ಟರಲ್ಲಿ ಪ್ರತ್ಯೇಕ ಟಾಕಿಯೇ ಇರುವುದಿಲ್ಲ. ಗೇರ್‌ಬಾಕ್ಸು ಮತ್ತು ಹಿಂದಿನ ಹೌಸಿಂಗೇ ಟಾಕಿ, ಗೇರುಗಳು ಮುಳುಗಿರುವ ಎಣ್ಣೆಯೇ ಹಿಂದಿನ ಸಲಕರಣೆ ಎತ್ತುವ ಲಿಫ್ಟಿನ ಎಣ್ಣೆ. ಈ ಮಾತು ಕೊನೆಯವರೆಗೂ ನೆನಪಿರಲಿ.

ಪಂಪ್ ಎಲ್ಲಿದೆ, ಯಾರು ತಿರುಗಿಸುತ್ತಾರೆ

ಎಲ್ಲಕ್ಕಿಂತ ಮೊದಲು ಪಂಪನ್ನು ಹುಡುಕಬೇಕು. ಎಂಜಿನ್ನಿನ ಮಗ್ಗುಲಲ್ಲಿದ್ದು ಅದರ ಗೇರಿನಿಂದಲೇ ತಿರುಗುವ ಪಂಪ್ ಒಂದು ಜಾತಿ. ಫೋರ್ಡ್ 3000, 3600 ಈ ಸಾಲಿನವು. ಎಂಜಿನ್ ಓಡುವಷ್ಟು ಹೊತ್ತೂ ಇವುಗಳ ಪಂಪ್ ಓಡುತ್ತದೆ, ಕ್ಲಚ್ ತುಳಿದರೂ ನಿಲ್ಲುವುದಿಲ್ಲ.

ಇನ್ನೊಂದು ಜಾತಿ ಫರ್ಗ್ಯುಸನ್ ಪದ್ಧತಿಯದು. 1956ರಲ್ಲಿ ಬ್ರಿಟನ್ನಿನಲ್ಲಿ ಬಂದ ಫರ್ಗ್ಯುಸನ್ 35, ಅದರ ಕುಡಿಯಾದ ನಮ್ಮ ಮ್ಯಾಸಿ 1035, ಇವುಗಳಲ್ಲಿ ಪಂಪ್ ಹಿಂದಿನ ಹೌಸಿಂಗಿನ ಹೊಟ್ಟೆಯೊಳಗೆ ಎಣ್ಣೆಯಲ್ಲಿ ಮುಳುಗಿ ಕೂತಿರುತ್ತದೆ. ನಾಲ್ಕು ಪಿಸ್ಟನ್ನಿನ ಆ ಪಂಪನ್ನು ತಿರುಗಿಸುವುದು ಪಿಟಿಒ ಶಾಫ್ಟ್, ಅಂದರೆ ಹಿಂದಿನ ಸಲಕರಣೆಗೆ ಎಂಜಿನ್ನಿನ ತಿರುಗುಬಲ ಒಯ್ಯುವ ದಂಡ. ಹಾಗಾಗಿ ಪಿಟಿಒ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಲಿಫ್ಟ್ ಏಳುವುದೇ ಇಲ್ಲ. ಪಿಟಿಒ ಲಿವರಿಗೆ ಗಾಲಿಯ ವೇಗದ ಸ್ಥಾನವೂ ಇರುವ ಮಾದರಿಗಳಲ್ಲಿ ಲಿವರ್ ಅಲ್ಲಿದ್ದರೆ, ಗಾಡಿ ಓಡಿದಾಗ ಮಾತ್ರ ಲಿಫ್ಟ್ ಏಳುತ್ತದೆ, ನಿಂತಾಗ ಇಲ್ಲ. ಸಿಂಗಲ್ ಕ್ಲಚ್ ಇದ್ದರೆ ತುಳಿದ ಕೂಡಲೇ ಪಂಪ್ ನಿಲ್ಲುತ್ತದೆ. ಡಬಲ್ ಕ್ಲಚ್ಚಿನಲ್ಲಿ ಅರ್ಧ ತುಳಿದರೆ ಗಾಡಿ ನಿಲ್ಲುತ್ತದೆ, ಪೂರ್ತಿ ತುಳಿದರೆ ಪಂಪೂ ನಿಲ್ಲುತ್ತದೆ. ಲಿಫ್ಟ್ ಸತ್ತಿದೆಯೆಂದು ಮೇಲಿನ ಕವರ್ ಬಿಚ್ಚುವ ಮೊದಲು ಪಿಟಿಒ ಲಿವರಿನ ಕಡೆ ಒಮ್ಮೆ ನೋಡಿ. ಅದೊಂದು ನೋಟಕ್ಕೆ ಎರಡು ದಿನದ ಕೂಲಿ ಉಳಿಯಬಹುದು.

ಮಹೀಂದ್ರಾ ಬಿ-275 ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ವಿನ್ಯಾಸದ ಗಾಡಿ. ಎಚ್‌ಎಂಟಿ 1971ರಲ್ಲಿ ಪಿಂಜೋರಿನಲ್ಲಿ ಮಾಡಲು ಹಿಡಿದ 2511 ಚೆಕೊಸ್ಲೊವಾಕಿಯಾದ ಜೆಟರ್ ವಿನ್ಯಾಸದ್ದು. 1974ರಲ್ಲಿ ಬಂದ ಸ್ವರಾಜ್ 724 ನಮ್ಮ ದೇಶದಲ್ಲೇ ಹುಟ್ಟಿದ್ದು. ಮೂರರ ಹುಟ್ಟೂ ಬೇರೆ, ಒಂದರ ಲಿವರಿನ ಅಭ್ಯಾಸ ಇನ್ನೊಂದಕ್ಕೆ ನಡೆಯುವುದಿಲ್ಲ. ನೆರೆಯವನ ಸ್ವರಾಜಿನಲ್ಲಿ ಸರಿಹೋದ ಜೋಡಣೆಯನ್ನು ನಿಮ್ಮ ಮ್ಯಾಸಿಗೆ ನಕಲು ಮಾಡಿಸಲು ಹೋಗಬೇಡಿ.

ಅಕ್ಷರ ಅಳಿಸಿದ ಲಿವರಿನ ಗುರುತು

ಪಟ್ಟಿಯ ಮೇಲೆ ಏನೂ ಓದಲು ಬರದಿದ್ದರೆ ಲಿವರನ್ನೇ ಕೇಳಬೇಕು. ಹಿಂದೆ ಯಾವ ಸಲಕರಣೆಯೂ ಬೇಡ, ಲಿಫ್ಟಿನ ತೋಳುಗಳ ಹತ್ತಿರ ಯಾರೂ ನಿಲ್ಲಬಾರದು. ಎಂಜಿನ್ ಸಾವಿರ ಆರ್‌ಪಿಎಂ ಆಸುಪಾಸು ಇರಲಿ. ಎಲ್ಲ ಲಿವರುಗಳನ್ನೂ ಕೆಳಗಿಟ್ಟು ಒಂದೊಂದನ್ನೇ ನಿಧಾನಕ್ಕೆ ಎತ್ತಿ, ತೋಳು ಮಿಸುಕದಿದ್ದರೆ ಉಳಿದವನ್ನು ಮೇಲಿಟ್ಟು ಇನ್ನೊಮ್ಮೆ ಎತ್ತಿ ನೋಡಿ. ಲಿವರನ್ನು ಪಟ್ಟಿಯ ಅರ್ಧಕ್ಕೆ ಎಳೆದಾಗ ತೋಳೂ ಅರ್ಧಕ್ಕೆ ಬಂದು ನಿಂತರೆ ಅದು ಪೊಸಿಷನ್ ಕಂಟ್ರೋಲ್. ಒಂದು ಗಡಿ ದಾಟುವವರೆಗೆ ತೋಳು ಅಲುಗದೆ, ದಾಟಿದ ಕೂಡಲೇ ನಡುವೆ ಎಲ್ಲೂ ನಿಲ್ಲದೆ ಪೂರ್ತಿ ಮೇಲೇರಿದರೆ ಅದು ಡ್ರಾಫ್ಟ್ ಕಂಟ್ರೋಲ್. ತೋಳು ಯಾವುದಕ್ಕೂ ಮಿಸುಕಾಡದಿದ್ದರೆ ಅದು ಹೊರಗಿನ ವಾಲ್ವಿನ ಲಿವರ್ ಇರಬಹುದು, ಅಥವಾ ತೋಳು ಏರಿಳಿಯುವ ವೇಗ ಹಿಡಿಯುವ ಲಿವರ್ ಇರಬಹುದು. ಗುರುತು ಸಿಕ್ಕ ಮೇಲೆ ಪೇಂಟಿನಿಂದ ಪ, ಡ ಅಂತ ಬರೆದುಬಿಡಿ, ಮುಂದಿನ ಡ್ರೈವರಿಗೂ ಉಪಕಾರವಾಗುತ್ತದೆ.

ಒಂದು ಲಿವರಿನಿಂದ ಕೆಲಸ ಮಾಡುವಾಗ ಇನ್ನೊಂದು ಮೇಲಿರಬೇಕೋ ಕೆಳಗಿರಬೇಕೋ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಎರಡರ ಪೈಕಿ ಯಾವುದೊಂದು ತಪ್ಪು ಜಾಗದಲ್ಲಿ ಉಳಿದಿದ್ದರೂ ಅದು ಇನ್ನೊಂದರ ಮಾತನ್ನು ತಡೆಯುತ್ತದೆ. ‘ಲಿವರ್ ಎತ್ತಿದರೂ ನೇಗಿಲು ಏಳವಲ್ದು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ಡೋಣಿ ಸಾಲಿನ ಎರೆಯಲ್ಲಿ, ಮಲಪ್ರಭೆ-ಘಟಪ್ರಭೆಯ ಕರಿ ಭೂಮಿಯಲ್ಲಿ ಆಳವಾಗಿ ನೇಗಿಲು ಹೊಡೆಯುವಾಗ ಡ್ರಾಫ್ಟ್ ಕಂಟ್ರೋಲಿನ ಬೆಲೆ ತಿಳಿಯುತ್ತದೆ. ಮಣ್ಣು ಗಟ್ಟಿಯಾದಾಗ ನೇಗಿಲು ತನ್ನನ್ನು ಮೇಲಿನಿಂದ ಹಿಡಿದ ಟಾಪ್ ಲಿಂಕನ್ನು ಮುಂದಕ್ಕೆ ಒತ್ತುತ್ತದೆ, ಒಳಗಿನ ದಪ್ಪ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಆ ಸಪ್ಪಳವಿಲ್ಲದ ಸುದ್ದಿ ವಾಲ್ವಿಗೆ ಮುಟ್ಟಿ ನೇಗಿಲು ತುಸು ಏಳುತ್ತದೆ. ಹಾಗೆ ಏಳುವಾಗ ನೇಗಿಲಿನ ಭಾರ ಹಿಂದಿನ ಗಾಲಿಯ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಕುಂಟೆ, ಕೂರಿಗೆಯಂಥ ಹಗುರ ಸಲಕರಣೆ ಆ ಸ್ಪ್ರಿಂಗನ್ನು ಅದುಮುವಷ್ಟು ಒತ್ತಡ ಕೊಡುವುದಿಲ್ಲ. ಅವಕ್ಕೆ ಪೊಸಿಷನ್ನೇ ಸರಿ.

ಸೀಟಿನ ಕೆಳಗಿನ ನಾಬ್

ಬಹಳ ಗೊಂದಲ ಹುಟ್ಟಿಸುವುದು ಇದು, ಅದಕ್ಕೇ ತುಸು ನಿಧಾನಿಸೋಣ. ಸೀಟಿನ ಮುಂದೆ ಅಥವಾ ಕೆಳಗೆ ಇರುವ ನಾಬ್ ಎರಡು ಕೆಲಸಗಳಲ್ಲಿ ಯಾವುದನ್ನಾದರೂ ಮಾಡುತ್ತಿರಬಹುದು. ಒಂದು, ತೋಳು ಇಳಿಯುವ ವೇಗವನ್ನು ಹಿಡಿಯುವುದು. ಇನ್ನೊಂದು, ಲಿಫ್ಟ್ ಸಿಲಿಂಡರಿನ ದಾರಿಯನ್ನೇ ಮುಚ್ಚಿ ಎಣ್ಣೆಯನ್ನು ಹಿಂದಿನ ಟಿಪ್ಪಿಂಗ್ ಪೈಪಿಗೆ ತಿರುಗಿಸುವುದು. ಎರಡನೆಯದಕ್ಕೆ ಐಸೊಲೇಟರ್ ಅನ್ನುತ್ತಾರೆ. ಪರೀಕ್ಷೆ ಸುಲಭ: ತೋಳು ಮೇಲಿರುವಾಗ ನಾಬನ್ನು ಪೂರ್ತಿ ಬಿಗಿ ಮಾಡಿ, ಪೊಸಿಷನ್ ಲಿವರನ್ನು ಕೆಳಗೆ ತಂದು ನೋಡಿ. ತೋಳು ಇಳಿಯದಿದ್ದರೆ ದಾರಿ ಬಂದಾಗಿದೆ. ಮತ್ತೆ ತೋಳನ್ನು ಅರ್ಧಕ್ಕೆ ತಂದು ನಾಬ್ ಬಿಗಿ ಮಾಡಿ, ಲಿವರನ್ನು ಒಂದೇ ಕ್ಷಣ ಮೇಲೆತ್ತಿ. ತೋಳು ಏಳದೆ, ಮಿತಿ ಮೀರಿದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ಕಿರ್ರ್ ಅಂದರೆ ಅದು ಐಸೊಲೇಟರ್. ತೋಳು ಎಂದಿನಂತೆ ಎದ್ದರೆ ಅದು ಬರೀ ಇಳಿಕೆಯ ನಾಬ್.

ಐಸೊಲೇಟರ್ ಮುಚ್ಚಿದ ಮೇಲೆ ಟ್ರೇಲರಿನ ಜಾಕನ್ನು ಏರಿಸಿ ಇಳಿಸುವುದು ಲಿಫ್ಟಿನ ಅದೇ ಲಿವರ್. ಎಡವಟ್ಟು ಆಗುವುದು ಇಲ್ಲಿ. ಮಾಮೂಲಿಯಾಗಿ ಲಿವರ್ ಎತ್ತಿದಾಗ ವಾಲ್ವ್ ತೆರೆಯುತ್ತದೆ, ತೋಳು ಏರುತ್ತ ಬಂದು ಒಳಗಿನ ಸರಳಿನ ಮೂಲಕ ಅದೇ ವಾಲ್ವನ್ನು ಮುಚ್ಚುತ್ತದೆ. ಅಂದರೆ ‘ಸಾಕು’ ಅನ್ನುವುದು ತೋಳು. ಐಸೊಲೇಟರ್ ಮುಚ್ಚಿದಾಗ ತೋಳು ಅಲುಗುವುದಿಲ್ಲ, ಹಾಗಾಗಿ ಸಾಕು ಅನ್ನುವವರು ಯಾರೂ ಇಲ್ಲ. ಜಾಕ್ ಏರುತ್ತಲೇ ಹೋಗುತ್ತದೆ, ಕೊನೆ ಮುಟ್ಟಿದ ಮೇಲೆ ಎಣ್ಣೆ ರಿಲೀಫ್ ವಾಲ್ವಿನಿಂದ ಚೀರುತ್ತ ಹೊರಬೀಳುತ್ತದೆ. ನಿಲ್ಲಿಸುವುದು ನಿಮ್ಮ ಕೈಯ ಕೆಲಸ.

ನಿಲ್ಲಿಸುವ ಜಾಗ ಎಲ್ಲಿ? ತೋಳು ಎಲ್ಲಿ ನಿಂತಿದೆಯೋ ಪಟ್ಟಿಯ ಮೇಲೆ ಅದಕ್ಕೆ ಸರಿಯಾದ ಬಿಂದುವೇ ಈಗ ನ್ಯೂಟ್ರಲ್. ತೋಳು ತಳದಲ್ಲಿರುವಾಗ ನಾಬ್ ಮುಚ್ಚಿದರೆ ನ್ಯೂಟ್ರಲ್ ಪಟ್ಟಿಯ ತೀರ ತಳಕ್ಕೆ ಹೋಗಿ ಕೂರುತ್ತದೆ. ಆಗ ಟ್ರೇಲರನ್ನು ಅರ್ಧಕ್ಕೆ ಹಿಡಿದು ನಿಲ್ಲಿಸಲು ಲಿವರನ್ನು ಕೂದಲೆಳೆಯಷ್ಟು ಜಾಗದಲ್ಲಿ ತಡಕಾಡಬೇಕು. ತೋಳನ್ನು ಮೊದಲು ಅರ್ಧ ಎತ್ತರಕ್ಕೆ ತಂದು ನಾಬ್ ಮುಚ್ಚಿದರೆ ನ್ಯೂಟ್ರಲ್ ಪಟ್ಟಿಯ ನಡುವೆ ಬರುತ್ತದೆ, ಮೇಲೆ ಒತ್ತಿದರೆ ಏರಿಕೆ, ಕೆಳಗೆ ಒತ್ತಿದರೆ ಇಳಿಕೆ, ಎರಡಕ್ಕೂ ಕೈಯಾಡಿಸಲು ಜಾಗ ಸಿಗುತ್ತದೆ. ಟಿಪ್ಪಿಂಗ್ ಕೆಲಸಕ್ಕೆ ಇಷ್ಟೊಂದು ಪುಕ್ಕಟೆ ಅನುಕೂಲ ಇನ್ನೊಂದಿಲ್ಲ.

ಮ್ಯಾಸಿಯ ಕಥೆ ಬೇರೆ. ಅದರ ಕಂಟ್ರೋಲ್ ವಾಲ್ವ್ ಕೂತಿರುವುದು ಪಂಪಿನ ಹೀರುವ ಕಡೆ. ನ್ಯೂಟ್ರಲ್‌ನಲ್ಲಿ ಪಂಪ್ ತಿರುಗುತ್ತದೆ, ಆದರೆ ಎಣ್ಣೆ ಹೀರುವುದೇ ಇಲ್ಲ. ಅದಕ್ಕೇ ಪೊಸಿಷನ್ ಲಿವರಿಗೆ ಎತ್ತುವ ಸ್ಥಾನವನ್ನೂ ದಾಟಿ ‘ಕಾನ್‌ಸ್ಟಂಟ್ ಪಂಪಿಂಗ್’ ಅಂತ ಒಂದು ಜಾಗ ಕೊಟ್ಟಿದ್ದಾರೆ. ಹೊರಗಿನ ಜಾಕಿಗೆ ಎಣ್ಣೆ ಬೇಕಾದಾಗ ಲಿವರ್ ಅಲ್ಲಿರಬೇಕು. ಮೇಲಿನ ಕವರಿನ ಪ್ಲಗ್ ಬಿಚ್ಚಿ ಅಲ್ಲಿಂದ ಪೈಪ್ ತೆಗೆದರೆ ತೋಳಿನ ಸಿಲಿಂಡರು ಮತ್ತು ಹೊರಗಿನ ಜಾಕು ಒಂದೇ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಎಣ್ಣೆಗೆ ಸೋಮಾರಿತನ ಸಹಜ, ಭಾರ ಕಡಿಮೆ ಇದ್ದ ಕಡೆ ಹೋಗುತ್ತದೆ. ಹಾಗಾಗಿ ಮೊದಲು ಖಾಲಿ ತೋಳು ಏರಿ ತುದಿ ಮುಟ್ಟುತ್ತದೆ, ಆಮೇಲೆ ಜಾಕ್ ಏಳುತ್ತದೆ. ಇಳಿಸುವಾಗ ಭಾರ ಹೊತ್ತ ಜಾಕ್ ಮೊದಲು. ತೋಳಿಗೆ ಸಲಕರಣೆ ಇಲ್ಲದಿದ್ದರೆ ಇದು ನಡೆಯುತ್ತದೆ. ಎರಡನ್ನೂ ಬೇರೆಬೇರೆ ಆಡಿಸಬೇಕಾದರೆ ನಡುವೆ ಸೆಲೆಕ್ಟರ್ ವಾಲ್ವ್ ಬೇಕೇ ಬೇಕು.

ಟ್ರೇಲರ್ ಜಾಕಿಗೆ ಎಷ್ಟು ಎಣ್ಣೆ ಬೇಕು

ಜಾಕಿನ ಒಳವ್ಯಾಸ 80 ಮಿ.ಮೀ. ಅಂದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 150 ಕೆಜಿ ಒತ್ತಡ ಸಿಕ್ಕರೆ ಎತ್ತುವ ಬಲ 50×150, ಅಂದರೆ ಏಳೂವರೆ ಟನ್. ಒಂದು ಮೀಟರ್ ಉದ್ದ ಹೊರಬರಲು ಬೇಕಾದ ಎಣ್ಣೆ 5 ಲೀಟರ್. ಪಂಪ್ ನಿಮಿಷಕ್ಕೆ 15 ಲೀಟರ್ ಕೊಡುವುದಾದರೆ 20 ಸೆಕೆಂಡು. ಎತ್ತುವ ಬಲ ಒತ್ತಡದ ಮಾತು, ಎತ್ತುವ ವೇಗ ಲೀಟರಿನ ಮಾತು. ಈ ಎರಡನ್ನು ಬೆರೆಸಿಕೊಂಡವರು ‘ನಿಧಾನ ಏಳ್ತದ’ ಅಂತ ರಿಲೀಫ್ ವಾಲ್ವನ್ನು ಬಿಗಿ ಮಾಡಿಸುತ್ತಾರೆ. ಅದರಿಂದ ವೇಗ ಹೆಚ್ಚುವುದಿಲ್ಲ, ಹೌಸಿಂಗ್ ಬಿರುಕು ಬಿಡಬಹುದು ಅಷ್ಟೇ.

ಈಗ ಟಾಕಿಯ ಮಾತಿಗೆ ಬನ್ನಿ. ಗೇರ್‌ಬಾಕ್ಸಿನ ಎಣ್ಣೆ 30 ಲೀಟರಿನ ಆಸುಪಾಸು ಇರುವ ಗಾಡಿಯಿಂದ 5 ಲೀಟರ್ ಜಾಕಿನೊಳಗೆ ಹೋದರೆ ತೊಂದರೆಯಿಲ್ಲ. ದೊಡ್ಡ ಟೆಲಿಸ್ಕೋಪಿಕ್ ಜಾಕಿಗೆ 10-12 ಲೀಟರ್ ಬೇಕಾದರೆ ಹೌಸಿಂಗಿನಲ್ಲಿ ಎಣ್ಣೆಯ ಮಟ್ಟ ಹೀರುವ ಜಾಳಿಗೆಯ ಹತ್ತಿರಕ್ಕೆ ಇಳಿಯುತ್ತದೆ. ಏರು ದಾರಿಯಲ್ಲಿ ಗಾಡಿಯ ಮೂತಿ ಮೇಲಿದ್ದರೆ ಎಣ್ಣೆ ಒಂದು ಕಡೆ ಜಾರಿ ಪಂಪ್ ಗಾಳಿ ಎಳೆಯುತ್ತದೆ. ಪಂಪ್ ಊಳಿಡುತ್ತದೆ, ಜಾಕ್ ಜರ್ಕು ಹೊಡೆಯುತ್ತದೆ, ಎಣ್ಣೆ ನೊರೆನೊರೆಯಾಗುತ್ತದೆ. ಎಣ್ಣೆಯ ಮಟ್ಟವನ್ನು ಯಾವಾಗಲೂ ಟ್ರೇಲರ್ ಪೂರ್ತಿ ಇಳಿಸಿ, ತೋಳು ಕೆಳಗಿಟ್ಟು, ಸಪಾಟು ನೆಲದಲ್ಲಿ ನೋಡಬೇಕು. ಜಾಕ್ ಮೇಲಿದ್ದಾಗ ತುಂಬಿಸಿದರೆ ಇಳಿಸಿದ ಕೂಡಲೇ ಎಣ್ಣೆ ಬ್ರೀದರಿನಿಂದ ಉಕ್ಕಿ, ಸೀಲು ದಾಟಿ ಬ್ರೇಕಿನವರೆಗೂ ಹೋಗಬಹುದು.

ಕಪ್ಲರ್, ಮತ್ತು ಕೂಡದ ಚೂಡಿಗಳು

ಹಳೆಯ ಟ್ರ್ಯಾಕ್ಟರಿನ ಹಿಂದೆ ಮೂರು ನಮೂನೆಯ ತುದಿ ಕಾಣಬಹುದು: ಬರಿಯ ಚೂಡಿಯ (ಥ್ರೆಡ್ಡಿನ) ತೂತು, ಗುಂಡಿನಿಂದ ಮುಚ್ಚುವ ಹಳೆಯ ಕಪ್ಲರ್, ಗುಂಡಿನ ಬದಲು ಮೊನೆಯ ಬಾಗಿಲಿರುವ ಈಗಿನ ಪಾಪೆಟ್ ಕಪ್ಲರ್. ಗುಂಡಿನದೂ ಪಾಪೆಟಿನದೂ ಒಂದಕ್ಕೊಂದು ಅರ್ಧಂಬರ್ಧ ಸೇರಿದಂತೆ ಕಂಡರೂ ಒಳಗಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಆಗ ಟ್ರೇಲರ್ ಏಳುತ್ತದೆ, ಇಳಿಯುವುದಿಲ್ಲ. ಹಳೆಯದನ್ನು ಉಳಿಸಿಕೊಳ್ಳುವ ಹಟ ಬೇಡ. ಟ್ರ್ಯಾಕ್ಟರಿಗೂ ಎಲ್ಲ ಟ್ರೇಲರಿಗೂ ಐಎಸ್‌ಒ 7241ರ ಎ ಸರಣಿಯ ಅರ್ಧ ಇಂಚಿನ ಕಪ್ಲರನ್ನೇ ಹಾಕಿಬಿಡಿ. ಹೆಣ್ಣು ಕಡೆ ಟ್ರ್ಯಾಕ್ಟರಿಗೆ, ಗಂಡು ಕಡೆ ಹೋಸಿಗೆ. ಗಂಡಿನ ಮೂತಿ ವರ್ನಿಯರಿನಲ್ಲಿ ಸುಮಾರು 20.5 ಮಿ.ಮೀ. ಬರಬೇಕು, ಬೇರೆ ಬಂದರೆ ಅದು ಬೇರೆ ಸರಣಿಯದು.

ಕಪ್ಲರಿಗಿಂತ ಹೆಚ್ಚು ಕಾಡುವುದು ಚೂಡಿ. ಅಂಗಡಿಯಲ್ಲಿ ‘ನಾಲ್ಕು ಸೂತಿನ ನಿಪ್ಪಲ್’, ಅಂದರೆ ಅರ್ಧ ಇಂಚಿನದು, ಕೇಳಿದರೆ ಬ್ರಿಟಿಷ್ ಚೂಡಿಯ ಬಿಎಸ್‌ಪಿಯೂ ಬರಬಹುದು, ಅಮೆರಿಕದ ಚೂಡಿಯ ಎನ್‌ಪಿಟಿಯೂ ಬರಬಹುದು. ಅರ್ಧ ಇಂಚಿನಲ್ಲಿ ಇವೆರಡೂ ಇಂಚಿಗೆ 14 ಚೂಡಿಯವೇ. ಬಿಎಸ್‌ಪಿಯ ಹೊರವ್ಯಾಸ ಸುಮಾರು 21 ಮಿ.ಮೀ., ಚೂಡಿಯ ಕೋನ 55 ಡಿಗ್ರಿ. ಎನ್‌ಪಿಟಿಯದು 21.3 ಮಿ.ಮೀ., ಕೋನ 60 ಡಿಗ್ರಿ, ಮೇಲಾಗಿ ಮೊಳೆಯಂತೆ ತುದಿಗೆ ಸಣ್ಣಗಾಗುತ್ತದೆ. ಹಾಗಾಗಿ ಒಂದರೊಳಗೆ ಇನ್ನೊಂದು ಎರಡು-ಮೂರು ಸುತ್ತು ಸಲೀಸಾಗಿ ಹೋಗಿ, ಆಮೇಲೆ ಬಿಗಿದು, ಬೀಡಿನ ಹೌಸಿಂಗನ್ನು ಸೀಳುತ್ತದೆ. ಅಷ್ಟಾದರೂ ಸೋರುವುದು ನಿಲ್ಲುವುದಿಲ್ಲ. ಮೂರು ಸೂತಿನಲ್ಲಿ ಬಿಎಸ್‌ಪಿಗೆ 19 ಚೂಡಿ, ಎನ್‌ಪಿಟಿಗೆ 18, ಅಲ್ಲಿ ಗೇಜ್ ಇಟ್ಟರೆ ಗುರುತು ಸಿಗುತ್ತದೆ. ಯುರೋಪಿನ ಮೂಲದ ಗಾಡಿಗಳಲ್ಲಿ ಮಿಲಿಮೀಟರ್ ಅಳತೆಯ ಎಂ18×1.5, ಎಂ22×1.5 ಚೂಡಿ ಕೂಡ ಸಿಗಬಹುದು. ಅದಕ್ಕೆ ಅಳತೆಪಟ್ಟಿಯ ಕೆಲಸವಲ್ಲ ಇದು, ಒಂದು ವರ್ನಿಯರು, ಒಂದು ಚೂಡಿ ಗೇಜು ಬೇಕು.

ನೇರ ಚೂಡಿಯ ಬಿಎಸ್‌ಪಿಗೆ ಎಣ್ಣೆ ತಡೆಯುವುದು ಚೂಡಿಯಲ್ಲ, ಮುಖದ ಮೇಲೆ ಕೂರುವ, ಒಳಅಂಚಿಗೆ ರಬ್ಬರ್ ಇರುವ ಡೌಟಿ ವಾಷರ್. ಟೆಫ್ಲಾನ್ ಟೇಪ್ ಸುತ್ತುವ ಅಭ್ಯಾಸವನ್ನು ನೀರಿನ ನಳಕ್ಕೆ ಬಿಟ್ಟುಬಿಡಿ. ಅದರ ಚೂರು ಒಳಗೆ ಹೋಗಿ ವಾಲ್ವಿನ ಸಂದಿಯಲ್ಲಿ ಕೂತರೆ ತೋಳು ತಾನಾಗಿ ಇಳಿಯಲು ಶುರು. ಇಂಥ ಸಣ್ಣ ಸಾಮಾನಿಗೆ ನಮ್ಮ ಭಾಗದವರು ದೂರ ಅಲೆಯಬೇಕಿಲ್ಲ. ಬೆಳಗಾವಿಯ ಉದ್ಯಮಬಾಗ ಫೌಂಡ್ರಿಗೆ ಹೇಗೋ ಹೈಡ್ರಾಲಿಕ್ ಬಿಡಿಭಾಗಕ್ಕೂ ಹಾಗೆಯೇ ಹೆಸರಾದ ಜಾಗ. ಹಳೆಯ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಜೋಡಿ ಮಾಡಿ ನೋಡಿಯೇ ತನ್ನಿ.

ಹೋಸಿನ ವಿಷಯದಲ್ಲಿ ಜಿಪುಣತನ ಸಲ್ಲ. ಅರ್ಧ ಇಂಚಿನ ಒಂದೆಳೆ ತಂತಿಯ ಹೋಸ್ ತಡೆಯುವುದು ಸುಮಾರು 160 ಬಾರ್, ಎರಡೆಳೆಯದು ಸುಮಾರು 275. ಹಳೆಯ ಟ್ರ್ಯಾಕ್ಟರುಗಳ ಒತ್ತಡ ಸಾಮಾನ್ಯವಾಗಿ 140ರಿಂದ 175 ಬಾರ್ ನಡುವೆ, ಅಂದರೆ ಚದರ ಇಂಚಿಗೆ 2000ದಿಂದ 2500 ಪೌಂಡ್. ಎರಡೆಳೆಯದನ್ನೇ ಹಾಕಿಸಿ. ಸೂಜಿಮೊನೆಯಷ್ಟು ತೂತಿನಿಂದ ಸಿಡಿಯುವ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ, ಚರ್ಮವನ್ನು ಮಾತ್ರ ತೂರಿ ಒಳಗೆ ಹೋಗುತ್ತದೆ. ಸೋರಿಕೆ ಹುಡುಕಲು ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಚುಚ್ಚಿದರೆ ಮೇಲೆ ಮುಳ್ಳು ನಟ್ಟಷ್ಟೇ ಗಾಯ ಕಾಣುತ್ತದೆ, ನೋವೂ ಮೊದಲಿಗೆ ಕಡಿಮೆ. ಆದರೆ ಒಳಗೆ ಮಾಂಸ ಕೊಳೆಯತೊಡಗುತ್ತದೆ. ಅರಿಶಿನ ಹಚ್ಚಿ ಕೂರದೆ ಆಗಿಂದಾಗಲೇ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆ ಎಂದು ಬಿಡಿಸಿ ಹೇಳಬೇಕು.

ಮಧ್ಯಾಹ್ನ ಕೂಡದ ಕಪ್ಲರ್

ಬೆಳಿಗ್ಗೆ ಸಲೀಸಾಗಿ ಬಿಚ್ಚಿದ ಕಪ್ಲರ್ ಮಧ್ಯಾಹ್ನ ಎಷ್ಟು ಒತ್ತಿದರೂ ಕೂಡುವುದಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಬಿದ್ದ ಹೋಸಿನೊಳಗೆ ಎಣ್ಣೆ ಬಂದಿಯಾಗಿದೆ, ಕಾದು ಹಿಗ್ಗಿದೆ, ಹೋಗಲು ದಾರಿಯಿಲ್ಲ. ಗಟ್ಟಿ ಲೋಹದೊಳಗೆ ಪೂರ್ತಿ ತುಂಬಿದ ಎಣ್ಣೆ ಒಂದು ಡಿಗ್ರಿ ಕಾದರೆ ಒತ್ತಡ ಸುಮಾರು 10 ಬಾರ್ ಏರುತ್ತದೆ. ರಬ್ಬರಿನ ಹೋಸ್ ಹಿಗ್ಗುವುದರಿಂದ ಅಷ್ಟು ಏರದಿದ್ದರೂ ಕೈಬಲಕ್ಕೆ ಮೀರುತ್ತದೆ. ಪಾಪೆಟಿನ ಮೂತಿಗೆ ಸುತ್ತಿಗೆಯಿಂದ ಕುಟ್ಟುವವರಿದ್ದಾರೆ. ಒತ್ತಡ ಹೋಗುವುದೇನೋ ನಿಜ, ಜೊತೆಗೆ ಮೂತಿ ಸೊಟ್ಟಗಾಗಿ ಅಂದಿನಿಂದ ಹನಿಯತೊಡಗುತ್ತದೆ. ಸರಿಯಾದ ದಾರಿ: ಹೋಸಿನ ಇನ್ನೊಂದು ತುದಿಯ ನಟ್ಟಿಗೆ ದಪ್ಪ ಬಟ್ಟೆ ಸುತ್ತಿ, ಮುಖ ದೂರವಿಟ್ಟು, ಪಾನಾದಿಂದ ಕಾಲು ಸುತ್ತು ಸಡಿಲಿಸಿ, ಎಣ್ಣೆ ಜಿನುಗಿದ ಮೇಲೆ ಮತ್ತೆ ಬಿಗಿ ಮಾಡುವುದು. ಟ್ರೇಲರ್ ಪೂರ್ತಿ ಕೆಳಗೆ ಕೂತಿದ್ದಾಗ ಮಾತ್ರ ಇದನ್ನು ಮಾಡಬೇಕು. ಬಿಚ್ಚುವ ಹೊತ್ತಿಗೇ ಎಂಜಿನ್ ಬಂದ್ ಮಾಡಿ ಲಿವರನ್ನು ಇಳಿಸುವ ಕಡೆ ಒಮ್ಮೆ ಆಡಿಸಿದ್ದರೆ, ಎರಡೂ ಕಡೆಯಿಂದ ಎಣ್ಣೆ ಒತ್ತುವ ಡಬಲ್ ಆಕ್ಟಿಂಗ್ ಸಿಲಿಂಡರ್ ಇದ್ದರೆ ಎರಡೂ ಕಡೆ ಆಡಿಸಿದ್ದರೆ, ಇಷ್ಟು ತ್ರಾಸೇ ಇರುವುದಿಲ್ಲ. ಬಿಚ್ಚಿದ ಹೋಸನ್ನು ನೆರಳಿನಲ್ಲಿಡುವುದು, ಎರಡೂ ತುದಿಗೆ ಟೋಪಿ ಹಾಕುವುದು ಕೂಡ ಅಷ್ಟೇ ಮುಖ್ಯ. ಒಂದು ಚಿಟಿಕೆ ಎರೆಮಣ್ಣು ಕಪ್ಲರಿನಿಂದ ಒಳಹೋದರೆ ಹೊರಬರುವ ದಾರಿ ಪಂಪಿನ ಮೂಲಕವೇ.

ಟ್ರೇಲರ್ ಮೇಲೆ ಹೋಗಿ ಅಲ್ಲೇ ನಿಂತುಬಿಟ್ಟರೆ? ಮೊದಲ ಶಂಕೆ ಕಪ್ಲರಿನ ಮೇಲೆ. ಅರ್ಧ ಕಳಚಿದ್ದರೆ ಜಾಕಿನ ಕಡೆಯ ಬಾಗಿಲು ಮುಚ್ಚಿಕೊಂಡು ಎಣ್ಣೆ ಒಳಗೇ ಉಳಿದಿರುತ್ತದೆ. ಪೆಟ್ಟಿಗೆಯ ಕೆಳಗೆ ಗಟ್ಟಿ ಕಬ್ಬಿಣದ ಊರುಗೋಲು ಕೊಟ್ಟ ಮೇಲೆಯೇ ಕಪ್ಲರಿಗೆ ಕೈ ಹಾಕಿ. ಜಾಕನ್ನು ನಂಬಿ ಕೆಳಗೆ ತಲೆ ಒಡ್ಡುವುದು ಬೇಡ.

ಪಲ್ಟಿ ನೇಗಿಲು ಬಂದಾಗ

ಟ್ರೇಲರಿನ ಜಾಕ್ ಸಿಂಗಲ್ ಆಕ್ಟಿಂಗ್. ಎಣ್ಣೆ ಎತ್ತುತ್ತದೆ, ಭಾರ ಇಳಿಸುತ್ತದೆ, ಒಂದೇ ಹೋಸ್ ಸಾಕು. ಪಲ್ಟಿ ನೇಗಿಲನ್ನು ಮಗುಚುವ ಸಿಲಿಂಡರಿಗೆ ಎರಡೂ ಕಡೆ ಒತ್ತಡ ಬೇಕು, ಎರಡು ಹೋಸ್ ಬೇಕು, ಹಳೆಯ ಗಾಡಿಯಲ್ಲಿ ಇರುವುದು ಒಂದೇ ತೂತು. ಇಲ್ಲಿ ಎಣ್ಣೆಯ ದಿಕ್ಕು ಬದಲಿಸುವ ಡಿಸಿ ವಾಲ್ವ್ ಪ್ರವೇಶ.

ಎಂಜಿನ್ ಓಡಿಸುವ ಗೇರ್ ಪಂಪಿನ ಗಾಡಿಗಳಲ್ಲಿ ಎಣ್ಣೆ ಸದಾ ಹರಿಯುತ್ತಿರುತ್ತದೆ, ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಸುಮ್ಮನೆ ಟಾಕಿಗೆ ಮರಳುತ್ತದೆ. ಇದಕ್ಕೆ ಓಪನ್ ಸೆಂಟರ್ ಅನ್ನುತ್ತಾರೆ. ಇಂಥ ಗಾಡಿಗೆ ಓಪನ್ ಸೆಂಟರಿನ ಡಿಸಿ ವಾಲ್ವೇ ಬೇಕು. ನ್ಯೂಟ್ರಲ್‌ನಲ್ಲಿ ದಾರಿ ಮುಚ್ಚುವ ಕ್ಲೋಸ್ಡ್ ಸೆಂಟರಿನದನ್ನು ಹಾಕಿದರೆ ಪಂಪ್ ದಿನವಿಡೀ ರಿಲೀಫ್ ವಾಲ್ವಿನ ಮೇಲೆ ಹಾಯುತ್ತದೆ. ನಿಮಿಷಕ್ಕೆ 15 ಲೀಟರ್, 150 ಬಾರ್ ಅಂದರೆ ಸುಮಾರು 3.75 ಕಿಲೋವ್ಯಾಟ್ ಶಾಖ. ಹೌಸಿಂಗಿನೊಳಗೆ ನಾಲ್ಕು ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟಂತೆ. ಜಾಕ್ ತುದಿ ಮುಟ್ಟಿದ ಮೇಲೂ ಲಿವರ್ ಹಿಡಿದೇ ಇರಬಾರದು ಅನ್ನುವುದು ಇದಕ್ಕೇ.

ಜೋಡಿಸುವ ಕ್ರಮ: ಪಂಪಿನಿಂದ ಡಿಸಿ ವಾಲ್ವಿನ ಒಳದಾರಿಗೆ, ಅಲ್ಲಿಂದ ಟ್ರ್ಯಾಕ್ಟರಿನ ಲಿಫ್ಟ್ ವಾಲ್ವಿಗೆ. ಎಡವುವುದು ಈ ಎರಡನೆಯ ಪೈಪಿನಲ್ಲಿ. ಡಿಸಿ ವಾಲ್ವಿನ ಟ್ಯಾಂಕ್ ತೂತಿನಿಂದಲೇ ಲಿಫ್ಟಿಗೆ ಪೈಪ್ ಕೊಡುತ್ತಾರೆ. ಆ ತೂತಿನ ಹಿಂದಿನ ಗೋಡೆ ತೆಳು, ಅದು ಖಾಲಿ ಎಣ್ಣೆ ಮರಳುವ ದಾರಿ. ಮುಂದೆ ಲಿಫ್ಟ್ ಭಾರ ಎತ್ತಿದಾಗ ಪೂರ್ತಿ ಒತ್ತಡ ಆ ಗೋಡೆಯ ಮೇಲೆ ಬಿದ್ದು ಸ್ಪೂಲಿನ (ವಾಲ್ವಿನೊಳಗೆ ಜಾರುವ ಸರಳಿನ) ಸೀಲು ಹಾರುತ್ತದೆ, ಕೆಲವೊಮ್ಮೆ ಬಾಡಿಯೇ ಸೀಳುತ್ತದೆ. ಮುಂದಕ್ಕೆ ಒತ್ತಡ ಒಯ್ಯಲು ಪವರ್ ಬಿಯಾಂಡ್ ಎಂಬ ಪ್ರತ್ಯೇಕ ತೂಬು ಇರುತ್ತದೆ, ವಾಲ್ವ್ ಕೊಳ್ಳುವಾಗಲೇ ಅದರ ಸ್ಲೀವ್ ಕೇಳಿ ಪಡೆಯಬೇಕು. ಟ್ಯಾಂಕ್ ತೂತಿನಿಂದ ಬೇರೆಯೇ ಒಂದು ದಪ್ಪ ಹೋಸ್ ಹೌಸಿಂಗಿಗೆ ಹೋಗಬೇಕು. ಅಂದರೆ ಮೂರು ಪೈಪು. ಎರಡೇ ಪೈಪಿನಲ್ಲಿ ಮುಗಿಸಿಕೊಡುತ್ತೇನೆ ಅನ್ನುವ ಮಿಸ್ತ್ರಿಗೆ ಕೈ ಮುಗಿದು ಬನ್ನಿ.

ಸ್ಪೂಲಿನಲ್ಲೂ ಎರಡು ಬಗೆ. ಸಿಲಿಂಡರ್ ಸ್ಪೂಲ್ ನ್ಯೂಟ್ರಲ್‌ನಲ್ಲಿ ಎರಡೂ ಹೋಸಿನ ದಾರಿ ಮುಚ್ಚುತ್ತದೆ, ಮೋಟಾರ್ ಸ್ಪೂಲ್ ಎರಡನ್ನೂ ಟಾಕಿಗೆ ತೆರೆದಿಡುತ್ತದೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಎರಡನೆಯದನ್ನು ತಂದರೆ ಎತ್ತಿದ್ದು ಕೈ ಬಿಟ್ಟ ಕೂಡಲೇ ಇಳಿಯುತ್ತದೆ. ಡಬಲ್ ಆಕ್ಟಿಂಗ್ ವಾಲ್ವಿನಲ್ಲಿ ಟ್ರೇಲರಿನ ಒಂದೇ ಹೋಸ್ ಹಾಕಿ ಇಳಿಸುವಾಗ ರಿಲೀಫ್ ವಾಲ್ವ್ ಚೀರುವುದು ದೋಷವಲ್ಲ. ಜಾಕಿನ ಎಣ್ಣೆ ಟಾಕಿಗೆ ಬರುತ್ತಿದೆ, ಪಂಪಿನ ಎಣ್ಣೆ ಮಾತ್ರ ಖಾಲಿ ಕಪ್ಲರಿಗೆ ಹೋಗಿ ತಲೆ ಗುದ್ದುತ್ತಿದೆ. ಎಂಜಿನ್ ನಿಧಾನ ಇಟ್ಟು ಇಳಿಸಿ, ಅಥವಾ ವಾಲ್ವಿಗೆ ಎರಡೂ ಕಡೆಯ ದಾರಿಯನ್ನು ಟಾಕಿಗೆ ತೆರೆದಿಡುವ ಫ್ಲೋಟ್ ಸ್ಥಾನ ಇದ್ದರೆ ಅದನ್ನು ಬಳಸಿ.

ಮ್ಯಾಸಿಯ ಮೇಲಿನ ಕವರಿನ ಪ್ಲಗ್ಗಿಗೆ ಹೀಗೆ ಓಪನ್ ಸೆಂಟರ್ ವಾಲ್ವನ್ನು ನೇರ ಜೋಡಿಸಿದರೆ ವಾಲ್ವ್ ನ್ಯೂಟ್ರಲ್‌ಗೆ ಬಂದ ಕೂಡಲೇ ತೋಳು ಬೀಳುತ್ತದೆ, ಯಾಕೆಂದರೆ ತೋಳಿನ ಸಿಲಿಂಡರಿನ ಎಣ್ಣೆಗೂ ಅದೇ ಬಾಗಿಲು. ತೋಳಿನ ಮೇಲೇ ನೇತಾಡುವ ಪಲ್ಟಿ ನೇಗಿಲಿಗೆ ಇದು ಆಗದ ಮಾತು. ಸೆಲೆಕ್ಟರ್ ಸಿಗದಿದ್ದರೆ ಕ್ರ್ಯಾಂಕಿನ ಮುಂದಿನ ಪುಲ್ಲಿಯಿಂದ ಓಡುವ ಪ್ರತ್ಯೇಕ ಗೇರ್ ಪಂಪು, ಪ್ರತ್ಯೇಕ ಟಾಕಿ ಮಾಡಿಸುವುದೇ ಮೇಲು. ಖರ್ಚು ಹೆಚ್ಚು, ಆದರೆ ಗೇರ್‌ಬಾಕ್ಸಿನ ಎಣ್ಣೆ ಶುದ್ಧ ಉಳಿಯುತ್ತದೆ.

ಬಿಚ್ಚುವ ಮುಂಚೆ ಅಳೆಯಿರಿ

ಒಂದು ಒತ್ತಡದ ಗೇಜು, 0-250 ಬಾರಿನದು, ಅದಕ್ಕೊಂದು ಗಂಡು ಕಪ್ಲರ್. ಇದು ಕೈಯಲ್ಲಿದ್ದರೆ ಊಹೆಯ ಕೆಲಸ ಮುಗಿಯಿತು. ಹಿಂದಿನ ಕಪ್ಲರಿಗೆ ಗೇಜ್ ಕೂಡಿಸಿ, ಎಣ್ಣೆ ಬಿಸಿಯಾದ ಮೇಲೆ, ಎರಡು-ಮೂರು ಸೆಕೆಂಡು ಮಾತ್ರ ಲಿವರ್ ಎಳೆದು ಮುಳ್ಳು ನೋಡಿ. ಒತ್ತಡ ಪುಸ್ತಕದ ಅಂಕಿ ಮುಟ್ಟಿಯೂ ಜಾಕ್ ನಿಧಾನವಾಗಿದ್ದರೆ ಲೀಟರ್ ಕಮ್ಮಿ. ಮೊದಲು ಹೀರುವ ಜಾಳಿಗೆ ತೊಳೆಯಿರಿ, ಆಮೇಲೆ ಪಂಪಿನ ಸವೆತ. ಒತ್ತಡವೇ ಏರದಿದ್ದರೆ ರಿಲೀಫ್ ವಾಲ್ವಿನ ಸೀಟಿನಲ್ಲಿ ಕಸ, ಸೋತ ಸ್ಪ್ರಿಂಗ್, ಅಥವಾ ಒಳಗಿನ ಪೈಪಿನ ಓ-ರಿಂಗ್. ಎಣ್ಣೆ ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಸೋತರೆ ಸವೆತವೇ, ತೆಳುವಾದ ಎಣ್ಣೆ ಸಂದಿಯಿಂದ ನುಸುಳುತ್ತಿದೆ.

ಎತ್ತಿಟ್ಟ ನೇಗಿಲು ತಾನಾಗಿ ಇಳಿದರೆ ಐಸೊಲೇಟರನ್ನೇ ಸಾಕ್ಷಿಗೆ ಕರೆಯಿರಿ. ಎಂಜಿನ್ ಬಂದ್ ಮಾಡಿ ನಾಬ್ ಮುಚ್ಚಿ. ಆಗಲೂ ಇಳಿದರೆ ದೋಷ ಸಿಲಿಂಡರಿನ ಪಿಸ್ಟನ್ ಸೀಲಿನದು, ನಿಂತರೆ ಕಂಟ್ರೋಲ್ ವಾಲ್ವಿನದು. ಎಂಜಿನ್ ಓಡುವಾಗ ತೋಳು ತಲೆದೂಗುತ್ತಿದ್ದರೂ ಇದೇ ಸೋರಿಕೆ: ಸೋರಿ ಇಳಿಯುತ್ತದೆ, ವಾಲ್ವ್ ಸರಿಪಡಿಸಿ ಎತ್ತುತ್ತದೆ, ಮತ್ತೆ ಸೋರುತ್ತದೆ. ಅರ್ಧ ತಾಸಿಗೆ ಒಂದೆರಡು ಇಂಚು ಇಳಿಯುವ ಹಳೆಯ ಗಾಡಿಯನ್ನು ಹಾಗೇ ಬಳಸಬಹುದು. ಒಂದೆರಡು ನಿಮಿಷದಲ್ಲಿ ನೆಲ ಮುಟ್ಟಿದರೆ ಸೀಲು ಹಾಕಿಸಿ.

ಎಣ್ಣೆ ಹಾಲಿನಂತಾದರೆ ನೀರು ಸೇರಿದೆ, ಪೂರ್ತಿ ಬದಲಿಸಬೇಕು. ಒಂದೇ ಹೌಸಿಂಗಿನ ಗಾಡಿಗೆ ಪುಸ್ತಕ ಹೇಳಿದ ದರ್ಜೆಯ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಎಣ್ಣೆಯನ್ನೇ ಹಾಕಿ. ಜಿಎಲ್-5 ದರ್ಜೆಯ ಗೇರ್ ಎಣ್ಣೆಯ ಗಂಧಕದ ಅಂಶ ಪಂಪಿನ ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನಬಲ್ಲದು. ಕಬ್ಬಿನ ಹಂಗಾಮು ಮುಗಿದ ಮೇಲೆ ಗೊಬ್ಬರ, ಗರಸು ಹೇರಲು ಊರಿನ ಟ್ರೇಲರುಗಳು ಈ ಟ್ರ್ಯಾಕ್ಟರಿನಿಂದ ಆ ಟ್ರ್ಯಾಕ್ಟರಿಗೆ ಬದಲಾಗುತ್ತಲೇ ಇರುತ್ತವೆ. ಪ್ರತಿ ಜಾಕಿನೊಳಗೂ ಹಿಂದಿನ ಗಾಡಿಯ ಎಣ್ಣೆ ಇರುತ್ತದೆ, ಅದರ ಕಸ-ನೀರಿನ ಸಮೇತ. ಕೇಳಿ ತಂದ ಟ್ರೇಲರಾದರೆ ಪೆಟ್ಟಿಗೆ ಖಾಲಿ ಇದ್ದು ನೆಲಕ್ಕೆ ಕೂತಿರುವಾಗಲೇ ಹೋಸಿನ ತುದಿಯ ಕಪ್ಲರ್ ಬಿಚ್ಚಿ, ಅದರೊಳಗಿನ ಎಣ್ಣೆಯನ್ನು ಒಂದು ಬಿಳಿ ಡಬ್ಬಿಗೆ ಹನಿಸಿ ನೋಡಿ. ಕರಿಯಾಗಿದ್ದರೆ, ಹಾಲಿನಂತಿದ್ದರೆ, ಬೆರಳಿಗೆ ಮರಳು ತಾಕಿದರೆ ಆ ಟ್ರೇಲರನ್ನು ಹೂಡುವುದು ಬೇಡ.